ಎತ್ತಿಟ್ಟ ರೀಲು

ನಮ್ಮ ದೊಡ್ಡಪ್ಪ ಒಂದು ಕಾಲದಲ್ಲಿ ಸಿನಿಮಾ ಹೀರೋ ಆಗಿದ್ದರು ಎಂದರೆ ಶಿಕಾರಿಪುರದಲ್ಲಿ ನಂಬದವರು ಯಾರೂ ಇಲ್ಲ, ಒಬ್ಬರನ್ನು ಬಿಟ್ಟು. ಆ ಒಬ್ಬರು ನಮ್ಮ ದೊಡ್ಡಮ್ಮ.

ಅವರನ್ನು ದೂರಿ ಪ್ರಯೋಜನವಿಲ್ಲ. ತಪ್ಪೆಲ್ಲ ನಮ್ಮ ಮನೆತನದ್ದೇ. ದೊಡ್ಡಪ್ಪ ಹರೆಯದಲ್ಲಿ ಊರಿಗೆ ಬಂದ ನಾಟಕ ಕಂಪನಿಯ ಬೆನ್ನು ಹತ್ತಿ ಹೋದವರು, ಹೇಗೋ ಮದ್ರಾಸು ಸೇರಿ, ಅಲ್ಲಿನ ಒಂದು ಸ್ಟುಡಿಯೋದಲ್ಲಿ ತಿಂಗಳ ಸಂಬಳದ ನಾಯಕನಟರಾದರು. ಕಪ್ಪುಬಿಳುಪಿನ ಕಾಲ. ಮೂರು ಚಿತ್ರಗಳಲ್ಲಿ ನಾಯಕ, ಆಮೇಲೆ ನಾಯಕನ ಅಣ್ಣ, ಆಮೇಲೆ ಇನ್‌ಸ್ಪೆಕ್ಟರು, ಕೊನೆಗೆ ಕೋರ್ಟಿನ ಗುಮಾಸ್ತ. ಪಾತ್ರ ಹೀಗೆ ಸವೆಯುತ್ತಿರುವಾಗಲೇ ಸ್ಟುಡಿಯೋ ಬಾಗಿಲು ಹಾಕಿತು. ಇವರು ಊರಿಗೆ ಬಂದರು. ಚಂದ್ರಗುತ್ತಿಯಲ್ಲಿ ಹೆಣ್ಣು ನೋಡಲು ಹೋದಾಗ, ಸಿನಿಮಾದವನಿಗೆ ಯಾರು ಹೆಣ್ಣು ಕೊಡುತ್ತಾರೆಂದು ಹೆದರಿ ನಮ್ಮಜ್ಜ, "ಹುಡುಗ ಮದ್ರಾಸಿನಾಗ ಗೊಬ್ಬರದ ಟ್ರೇನಿಂಗ್ ಮುಗಿಸ್ಯಾನ್ರೀ" ಎಂದುಬಿಟ್ಟರು. ಆಡಿದ ಮಾತು ಉಳಿಸಿಕೊಳ್ಳಬೇಕಲ್ಲ, ಮದುವೆಯಾದ ಮೇಲೆ ಗೊಬ್ಬರದ ಅಂಗಡಿಯನ್ನೇ ಇಡಿಸಿದರು.

ಮದುವೆಯಾದ ಹೊಸತರಲ್ಲಿ ದೊಡ್ಡಪ್ಪ ಹೆಂಡತಿಗೆ ನಿಜ ಹೇಳಿದರಂತೆ. ದೊಡ್ಡಮ್ಮ ಬಿದ್ದು ಬಿದ್ದು ನಕ್ಕರಂತೆ. ಇವರಿಗೆ ರೋಷ ಬಂದು, ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಆಗ ಓಡುತ್ತಿದ್ದ ತಮ್ಮ ಕೊನೆಯ ಚಿತ್ರ ತೋರಿಸಿದರು. ಅದರಲ್ಲಿ ಗುಮಾಸ್ತರಾದ ಇವರು ಜಡ್ಜ್ ಸಾಹೇಬರಿಗೆ ಒಂದು ಫೈಲು ಕೊಟ್ಟು ಹೋಗುತ್ತಾರೆ, ಅದೂ ಕ್ಯಾಮೆರಾಕ್ಕೆ ಬೆನ್ನು ಹಾಕಿ. ದೊಡ್ಡಮ್ಮ ಆ ಹೊತ್ತಿಗೆ ಸರಿಯಾಗಿ ಕಡಲೆಕಾಯಿ ಸುಲಿಯುತ್ತಿದ್ದರು. ಅಲ್ಲಿಗೆ ಕೇಸು ವಜಾ.

ಹೀರೋ ಆಗಿದ್ದ ಮೂರು ಚಿತ್ರಗಳು ಮತ್ತೆ ಎಲ್ಲೂ ಬರಲಿಲ್ಲ. ಪ್ರಿಂಟುಗಳು ಯಾವ ಗೋಡೌನಿನಲ್ಲಿ ಕೊಳೆತವೋ ಯಾರಿಗೂ ಗೊತ್ತಿಲ್ಲ. ಉಳಿದದ್ದು ಕಿರೀಟ ಹಾಕಿಕೊಂಡ ಒಂದು ಫೋಟೋ. ಅದಕ್ಕೆ ದೊಡ್ಡಮ್ಮನ ತೀರ್ಪು: "ಕಿರೀಟ ಕೊಟ್ರೆ ನಮ್ಮನೆ ಎಮ್ಮೆನೂ ಹಾಕ್ಕೊಂಡು ನಿಲ್ತದೆ." ಊರ ಹಿರಿಯರು ನಾವು ಟೆಂಟ್ ಸಿನಿಮಾದಲ್ಲಿ ಕಣ್ಣಾರೆ ನೋಡಿದ್ದೇವೆ ಎಂದು ಸಾಕ್ಷಿ ಹೇಳಿದರೆ, "ಯೂರಿಯಾ ಬೇಕಾದೋರು ಇಂದ್ರ ಚಂದ್ರ ಅಂತ್ಲೂ ಅಂತಾರೆ" ಎಂದು ಒಳಗೆ ಹೋಗುತ್ತಿದ್ದರು.

ನಾನು ದೊಡ್ಡಪ್ಪನ ತಮ್ಮನ ಮಗಳು. ಊರಿನ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ, ಮನೆಗೆ ಹೋಗುವ ದಾರಿಯಲ್ಲಿ ಅವರ ಮನೆಯಲ್ಲಿ ಕಾಫಿ ಕುಡಿಯುತ್ತೇನೆ, ನಡುವೆ ಇವರಿಬ್ಬರ ಜಗಳ ಕೇಳುತ್ತೇನೆ. ಹೇಳಬೇಕೆಂದರೆ, ದೊಡ್ಡಪ್ಪನ ಮೇಲೂ ನನಗೆ ಸಿಟ್ಟಿದೆ. ಸ್ಟುಡಿಯೋ ಮುಚ್ಚಿ ಯಾವ ಕಾಲವಾಯಿತೋ, ಅಲ್ಲಿನ ಭಾಷೆ ಇವರ ಬಾಯಿಂದ ಇಳಿಯಲಿಲ್ಲ. ಮೆಕ್ಕೆಜೋಳದ ರೈತ ಬಂದು "ಡಿಎಪಿ ಗೊಬ್ಬರ ಐತೇನ್ರೀ?" ಎಂದರೆ ಇವರು ಕಂಬ ಹಿಡಿದು, ಬೆಳಕು ಬೀಳುವ ಕಡೆಗೆ ಮುಖ ತಿರುಗಿಸಿ, "ಮಿತ್ರಾ, ವಿಧಿ ನಮ್ಮಿಬ್ಬರನ್ನೂ ವಂಚಿಸಿತು. ನಿನ್ನೆಯೇ ಮುಗಿದುಹೋಯಿತು" ಎನ್ನುತ್ತಿದ್ದರು. ಪಾಪ, ರೈತ ತನ್ನ ಮನೆಯಲ್ಲೇ ಯಾರೋ ತೀರಿಕೊಂಡರೆಂಬಂತೆ ನಿಂತುಬಿಡುತ್ತಿದ್ದ.

ಸ್ಟುಡಿಯೋದ ಕಥೆಗಳನ್ನು ಹೇಳುವಾಗ ಮಾತ್ರ ಅವರ ಮುಖ ನೋಡಬೇಕು. ಚಂದ್ರನನ್ನು ತಗಡಿನಲ್ಲಿ ಮಾಡಿ ಹಗ್ಗದಿಂದ ಏರಿಸುತ್ತಿದ್ದರಂತೆ. ಮಳೆಗೆ ಮೇಲೆ ತೂತಿನ ಪೈಪು. ನೆಲದ ಮೇಲೆ ಸೀಮೆಸುಣ್ಣದ ಗುರುತು. ವಿರಹ ಎಷ್ಟೇ ಇರಲಿ, ಆ ಗುರುತಿನ ಮೇಲೇ ನಿಂತು ಅನುಭವಿಸಬೇಕು. ದೊಡ್ಡಮ್ಮ ಅಡುಗೆಮನೆಯಿಂದಲೇ ಕೇಳುತ್ತಿದ್ದರು: "ಮಳೆ ಸುಳ್ಳು, ಚಂದ್ರ ಸುಳ್ಳು. ಇವ್ರೊಬ್ರು ಮಾತ್ರ ನಿಜನಾ?"

ಎಲ್ಲರೂ ನಗುತ್ತಿದ್ದೆವು. ದೊಡ್ಡಪ್ಪನೂ ನಗುತ್ತಿದ್ದರು. ಆದರೆ ಎಂಬತ್ತು ದಾಟಿ, ಅಂಗಡಿ ಮಗನಿಗೆ ಬಿಟ್ಟ ಮೇಲೆ ಆ ನಗು ಅವರನ್ನು ಚುಚ್ಚತೊಡಗಿತು. ಒಂದು ದಿನ ನನ್ನನ್ನು ಜಗಲಿಗೆ ಕರೆದು, "ಊರೆಲ್ಲ ನಂಬಿ ಏನು ಫಲ, ಮಗಳೇ? ಜೊತೆಗೆ ಬಾಳಿದವಳ ಕಣ್ಣಲ್ಲಿ ನಾನು ಸುಳ್ಳುಗಾರನಾಗಿಯೇ ಸಾಯಬೇಕೆ?" ಎಂದರು. ಇದೂ ಡೈಲಾಗೇ ಎನ್ನಲು ಬಾಯಿ ತೆರೆದೆ. ಆದರೆ ಅವರು ಕಂಬ ಹಿಡಿದಿರಲಿಲ್ಲ, ಬೆಳಕಿನ ಕಡೆಗೆ ಮುಖವನ್ನೂ ತಿರುಗಿಸಿರಲಿಲ್ಲ. ನನಗೆ ತುಂಬ ಸಂಕಟವಾಯಿತು.

ಕಳೆದ ವರ್ಷ ಸೊರಬದಿಂದ ಫೋನು ಬಂತು. ಮಾಡಿದವರು ಹಿಂದೆ ಸೊರಬ, ಶಿಕಾರಿಪುರ ಎರಡೂ ಕಡೆ ಟೆಂಟ್ ಸಿನಿಮಾ ನಡೆಸುತ್ತಿದ್ದವರ ಮಗ, ಈಗ ತಾವೇ ಮುದುಕರಾದ ಅಡಿಕೆ ವ್ಯಾಪಾರಿ. ಹಳೆ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ರೀಲಿನ ಡಬ್ಬಿ ಸಿಕ್ಕಿತ್ತು. ಮೇಲಿನ ಚೀಟಿಯಲ್ಲಿ ದೊಡ್ಡಪ್ಪ ಹೀರೋ ಆಗಿದ್ದ ಒಂದು ಚಿತ್ರದ ಹೆಸರು. ಬೆಂಗಳೂರಿಗೆ ಕಳಿಸಿ, ಪೆನ್‌ಡ್ರೈವಿಗೆ ಹಾಕಿಸಿದ್ದರು. "ನಾವ್ಯಾರೂ ನೋಡಿಲ್ಲ. ಮೊದ್ಲು ಅವ್ರೇ ನೋಡ್ಬೇಕು, ಅದು ಮರ್ಯಾದೆ. ಕಲ್ಯಾಣ ಮಂಟಪದಲ್ಲಿ ಸಣ್ಣದೊಂದು ಸನ್ಮಾನನೂ ಇಟ್ಕೊಂಡಿದೀವಿ" ಎಂದರು.

ಇಡೀ ಚಿತ್ರದಲ್ಲಿ ಉಳಿದದ್ದು ಹತ್ತೇ ನಿಮಿಷ. ಅದು ಯಾವ ಹತ್ತು ನಿಮಿಷ ಎಂಬ ಚಿಂತೆಯಲ್ಲಿ ದೊಡ್ಡಪ್ಪ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಕುದುರೆ ಮೇಲೆ ಬರುವ ದೃಶ್ಯವಿರಬಹುದು, ನಾಯಕ ಕನಸಿನಲ್ಲಿ ರಾಜನಾಗುವ ಕತ್ತಿವರಸೆ ಇರಬಹುದು. ನಾಯಕಿಯ ಜೊತೆಗಿನ ಹಾಡಾಗಿದ್ದರೆ ದೊಡ್ಡಮ್ಮ ಪಕ್ಕದಲ್ಲಿರುವಾಗ ಮುಖ ಹೇಗಿಟ್ಟುಕೊಳ್ಳುವುದು ಎಂದು ನನ್ನನ್ನೇ ಕೇಳಿದರು. ಹೊರಡುವ ದಿನ ಮೀಸೆಗೆ ಬಣ್ಣ, ಮುಖಕ್ಕೆ ಪೌಡರು, ರೇಷ್ಮೆ ಜುಬ್ಬ. ದೊಡ್ಡಮ್ಮ ಚಪಾತಿ ಬುತ್ತಿ ಕಟ್ಟಿಕೊಂಡು ಕಾರು ಹತ್ತಿದರು. "ಸನ್ಮಾನದೋರು ಶಾಲು ಕೊಡ್ತಾರೆ, ಊಟ ಮರೀತಾರೆ" ಎಂದರು. ಶಿರಾಳಕೊಪ್ಪ ದಾಟುವವರೆಗೂ ಕಾರಿನಲ್ಲಿ ಪೌಡರಿನ ಘಮವೂ ಬೆಳ್ಳುಳ್ಳಿ ಚಟ್ನಿಯ ಘಮವೂ ಪೈಪೋಟಿ ನಡೆಸಿದವು.

ಮಂಟಪ ತುಂಬಿತ್ತು. ಭಾಷಣಗಳಾದವು, ಶಾಲು ಹೊದಿಸಿದರು, ಹಾರ ಹಾಕಿದರು. ದೀಪ ಆರಿಸಿ ಪರದೆಯ ಮೇಲೆ ಚಿತ್ರ ಬಿಟ್ಟರು.

ಆಸ್ಪತ್ರೆಯ ಕೋಣೆ. ಮಂಚದ ಮೇಲೆ ಒಬ್ಬ ಮಲಗಿದ್ದಾನೆ. ತಲೆಯಿಂದ ಕುತ್ತಿಗೆಯವರೆಗೆ ಬ್ಯಾಂಡೇಜು, ಮೂಗಿನ ಹೊಳ್ಳೆ ಎರಡು ಮಾತ್ರ ಹೊರಗೆ. ನಾಯಕಿ ಅವನ ಕೈ ಹಿಡಿದು ಅಳುತ್ತಾಳೆ, ಅತ್ತು ಸಾಕಾಗಿ ಹಾಡುತ್ತಾಳೆ. ಹಾಸ್ಯನಟ ಬಂದು ರೋಗಿಯ ಕಿತ್ತಳೆಹಣ್ಣು ಕದ್ದು ತಿನ್ನುತ್ತಾನೆ. ಖಳನಾಯಕ ಡಾಕ್ಟರ ವೇಷದಲ್ಲಿ ಬಂದು ಸೂಜಿ ಎತ್ತುತ್ತಾನೆ. ಮಂಚದ ಮೇಲಿನವನು ಮಿಸುಕುವುದಿಲ್ಲ.

"ಹೀರೋ ಯಾವಾಗ ಬರ್ತಾರ್ರೀ?" ಎಂದು ಹಿಂದಿನಿಂದ ಯಾರೋ ಕೇಳಿದರು. ದೊಡ್ಡಪ್ಪ ಹಾರದೊಳಗಿಂದ ಸಣ್ಣ ದನಿಯಲ್ಲಿ, "ಮಲಗಿರುವುದು ನಾನೇ" ಎಂದರು. ಅಷ್ಟರಲ್ಲಿ ಪರದೆ ಬೆಳ್ಳಗಾಯಿತು. ರೀಲು ಮುಗಿದಿತ್ತು.

ಮಂಟಪದಲ್ಲಿ ಗುಸುಗುಸು ಎದ್ದಿತು. "ಅಲ್ಲಿ ಯಾರನ್ನ ಮಲಗಿಸಿದ್ರೂ ನಡೀತದಪ್ಪ" ಎಂದರು ಮುಂದಿನ ಸಾಲಿನ ನಿವೃತ್ತ ಹೆಡ್‌ಮಾಸ್ತರರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಎದ್ದು ಹೋಗಿ ಆ ಹೂವಿನ ಹಾರ ಅವರ ಬಾಯಿಗೆ ತುರುಕೋಣ ಎನಿಸಿತು.

ಆ ಅಡಿಕೆ ವ್ಯಾಪಾರಿ ಮಾತ್ರ ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ, ಈಗ ನೆನಪಾಯ್ತು! ಶಿಕಾರಿಪುರದ ಟೆಂಟಲ್ಲಿ ಹೀರೋಗೆ ಪೆಟ್ಟು ಬಿದ್ದ ಕೂಡ್ಲೇ ಜನ ಎದ್ದುಬಿಟ್ರಂತೆ. ನಮ್ಮೂರ ಹುಡುಗನ್ನ ಹೊಡೀತೀರಾ ಅಂತ ಪರದೆಗೆ ಚಪ್ಪಲಿ ತೂರಿದ್ರಂತೆ. ಆಸ್ಪತ್ರೆ ನೋಡಿ ಹೆಂಗಸ್ರು ಗೋಳೋ ಅಂತ ಅತ್ರಂತೆ. ಅದಕ್ಕೆ ಅಪ್ಪ ಆ ರೀಲನ್ನೇ ಎತ್ತಿಟ್ಬಿಟ್ಟಿದ್ರು. ಇಲ್ಲಿ ಸೊರಬದಲ್ಲೂ ಹಾಕ್ಲಿಲ್ಲ. ಹೀರೋ ಪರ ಊರಿಗೆ ಹೋಗಿದಾನೆ, ಈಗ ಬರ್ತಾನೆ ಅಂತ ಮೈಕಲ್ಲಿ ಹೇಳಿ ಮುಂದಿನ ರೀಲು ಬಿಡ್ತಿದ್ರು!"

ಹೀಗೆ ಕುದುರೆ, ಕತ್ತಿ, ಹಾಡು ಇದ್ದ ರೀಲುಗಳೆಲ್ಲ ಹಂಚಿಕೆದಾರರಿಗೆ ವಾಪಸು ಹೋಗಿ ಹಾಳಾಗಿದ್ದವು. ಜನರ ಪ್ರೀತಿಯ ದೆಸೆಯಿಂದ ಉಳಿದದ್ದು ಇದೊಂದೇ. ಮಂಟಪವೆಲ್ಲ ಗೊಳ್ಳೆಂದಿತು. ದೊಡ್ಡಪ್ಪ ಮಾತ್ರ ತಲೆ ತಗ್ಗಿಸಿ ಕೂತಿದ್ದರು. ಕಡೆಯ ಅವಕಾಶವೂ ಕೈತಪ್ಪಿತ್ತು. ಪೌಡರಿನ ಮೇಲೆ ಬೆವರಿನ ಗೆರೆ ಮೂಡಿತ್ತು.

"ಇನ್ನೊಂದ್ಸಲ ಹಾಕಿ" ಎಂದಿತು ಒಂದು ದನಿ. ದೊಡ್ಡಮ್ಮ. ನಿಂತಿದ್ದರು.

ಮತ್ತೆ ಹಾಕಿದರು. ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಪರದೆಯ ಹತ್ತಿರಕ್ಕೇ ನಡೆದರು. ನಾಯಕಿಯ ಕಡೆ ನೋಡಲಿಲ್ಲ, ಸೂಜಿಯ ಕಡೆಯೂ ನೋಡಲಿಲ್ಲ. ಮಂಚದ ತುದಿಗೆ, ಹೊದಿಕೆಯಿಂದ ಹೊರಗಿದ್ದ ಪಾದಗಳಿಗೆ ಬೆರಳು ತೋರಿಸಿ, "ಇಲ್ಲಿ ನಿಲ್ಸಿ" ಎಂದರು. ನಿಲ್ಲಿಸಿದರೆ ಏನೂ ಕಾಣಲಿಲ್ಲ, ಬಿಟ್ಟಾಗ ಕಂಡಿತು. ಹೆಣದಂತೆ ಮಲಗಿದ್ದವನ ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳನ್ನು ಮೆಲ್ಲಗೆ ತಿಕ್ಕುತ್ತಿತ್ತು, ಬಿಡುತ್ತಿತ್ತು, ಮತ್ತೆ ತಿಕ್ಕುತ್ತಿತ್ತು.

ದೊಡ್ಡಮ್ಮ ಸಭೆಯ ಕಡೆ ತಿರುಗಿದರು. "ಇವ್ರೇ. ಮದುವೆ ಆದಾಗಿಂದ ಈ ಬೆರಳಿನ ಸದ್ದಿಗೆ ನನಗೆ ನಿದ್ದೆ ಇಲ್ಲ. ಯಾರಿಗೆ ಗೊತ್ತಿಲ್ದಿದ್ರೂ ನನಗೆ ಗೊತ್ತಿಲ್ವಾ?" ಎಂದು ಹೆಡ್‌ಮಾಸ್ತರರನ್ನೇ ದುರುಗುಟ್ಟಿ ನೋಡಿದರು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಪ್ರಜ್ಞೆ ತಪ್ಪಿದವನು ಕಾಲಾಡಿಸಿದ್ದಕ್ಕೆ ಡೈರೆಕ್ಟರು ತಮಗೆ ಬೈದದ್ದನ್ನು ದೊಡ್ಡಪ್ಪ ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ಊಟ ಕೊಡುವುದನ್ನು ಸಂಘಟಕರು ಮರೆತಿರಲಿಲ್ಲ. ಒಳ್ಳೆಯ ಹೋಳಿಗೆ ಊಟವನ್ನೇ ಹಾಕಿದರು.

ಮರಳಿ ಬರುವಾಗ ದೊಡ್ಡಮ್ಮ ಬಿಚ್ಚದ ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ದೊಡ್ಡಪ್ಪನ ಪಕ್ಕ ಕೂತಿದ್ದರು. ಈಗ ಆ ನಾಯಕಿ ಯಾರೆಂದು ಕೇಳುತ್ತಾರೆ, ಹಬ್ಬ ಶುರುವಾಗುತ್ತದೆ ಎಂದು ನಾನು ಮುಂದಿನ ಸೀಟಿನಲ್ಲಿ ಕಾಯುತ್ತಿದ್ದೆ. ಅವರು ಕೇಳಿದ್ದು ಬೇರೆ.

"ಜೋರು ಪೆಟ್ಟು ಬಿದ್ದಿತ್ತಾ?"

"ಏ, ಇಲ್ಲ ಬಿಡು. ಅದು ಸುಳ್ಳು ಬ್ಯಾಂಡೇಜು" ಎಂದರು ದೊಡ್ಡಪ್ಪ.

"ನೀವು ಹೇಳೋದು ಯಾರು ನಂಬ್ತಾರೆ? ಬಗ್ಗಿ ಈ ಕಡೆ" ಎಂದರು ದೊಡ್ಡಮ್ಮ. ಎಂಬತ್ತು ದಾಟಿದ ನಾಯಕನಟ ತಲೆ ಬಗ್ಗಿಸಿದರು. ಶಿಕಾರಿಪುರ ಬರುವವರೆಗೂ ದೊಡ್ಡಮ್ಮ ಅವರ ಬೆಳ್ಳಗಿನ ಕೂದಲೊಳಗೆ ಬೆರಳಾಡಿಸುತ್ತ, ಎಂದೂ ಆಗದ ಗಾಯದ ಕಲೆ ಹುಡುಕುತ್ತಿದ್ದರು.