ಇತರೆಯಲ್ಲೂ ಇಲ್ಲದ ತಾತ

ದೇವರಾಜ ಮಾರುಕಟ್ಟೆಯ ಹಿಂಬದಿಯ ರಸ್ತೆಯಲ್ಲಿ ಒಂದು ಕ್ಯಾಸೆಟ್ ಅಂಗಡಿ ಇತ್ತು. ಆಮೇಲೆ ಅದು ಸಿ.ಡಿ. ಅಂಗಡಿಯಾಯಿತು, ಈಗ ಮೊಬೈಲ್ ಕವರು, ಚಾರ್ಜರು ಮಾರುತ್ತದೆ. ಬೋರ್ಡಿನ ಮೇಲಿನ ವೀಣೆಯ ಚಿತ್ರವನ್ನು ಮಾತ್ರ ಯಾರೂ ಅಳಿಸಿಲ್ಲ. ನಮ್ಮ ಮನೆಯವರು ಆ ಅಂಗಡಿಗೆ ಹೋದಷ್ಟು ಸಲ ಚಾಮುಂಡಿ ಬೆಟ್ಟಕ್ಕೂ ಹೋಗಿಲ್ಲ. ಹೋಗಿ ಏನನ್ನೂ ಕೊಳ್ಳುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳಿ, ಇಲ್ಲ ಅನ್ನಿಸಿಕೊಂಡು, ಮುಖ ಸಣ್ಣದು ಮಾಡಿಕೊಂಡು ಮನೆಗೆ ಬರುತ್ತಿದ್ದೆವು.

ಪ್ರಶ್ನೆ ನಮ್ಮ ತಾತನ ಬಗ್ಗೆ. ತಾತ ಅರಮನೆಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಅಕ್ಕಿ, ಬೇಳೆ, ದೀಪದೆಣ್ಣೆಗಳ ಲೆಕ್ಕ ಮುಗಿಸಿ ಮನೆಗೆ ಬಂದು, ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಕೀರ್ತನೆ ಕಟ್ಟಲು ಕೂರುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ನಮ್ಮ ನೆಂಟರು ಅವರಿಗೆ ಒಂದೊಂದೇ ಬಡ್ತಿ ಕೊಡುತ್ತಾ ಬಂದರು. ನಾನು ಚಿಕ್ಕವಳಿದ್ದಾಗ ಅವರು ‘ಅರಮನೆಯಲ್ಲಿದ್ದವರು’. ನನ್ನ ಮದುವೆಯ ಹೊತ್ತಿಗೆ ‘ಅರಮನೆಯ ಸಂಗೀತದವರು’. ಈಗ ಯಾವುದಾದರೂ ಮುಂಜಿ ಮನೆಯಲ್ಲಿ ಕಿವಿಗೊಟ್ಟರೆ ‘ಆಸ್ಥಾನ ವಿದ್ವಾಂಸರು’ ಆಗಿಬಿಟ್ಟಿದ್ದಾರೆ. ಇನ್ನೂ ಹತ್ತು ವರ್ಷ ಬಿಟ್ಟರೆ ಸಿಂಹಾಸನದ ಮೇಲೇ ಕೂರಿಸಿಯಾರು ಅಂತ ನನಗೆ ಭಯ. ಹಾಡುಗಳು ಮಾತ್ರ ನಿಜವಾಗಿಯೂ ಚೆನ್ನಾಗಿದ್ದವು. ನನಗೆ ಹಾಡಲು ಬರುವುದಿಲ್ಲ, ಆದರೆ ಅಡುಗೆಮನೆಯ ಗೋಡೆಯಾಚೆಯಿಂದ ಬಾಲ್ಯವಿಡೀ ಅವನ್ನು ಕೇಳಿಕೊಂಡು ಬೆಳೆದವಳು.

ಹಾಡುತ್ತಿದ್ದವರು ನನ್ನ ಅತ್ತೆ, ಅಪ್ಪನ ಅಕ್ಕ. ಮದುವೆ ಬೇಡ ಅಂದು ಸ್ಕೂಲಿನಲ್ಲಿ ಸಂಗೀತದ ಟೀಚರಾಗಿದ್ದು, ನಿವೃತ್ತರಾದ ಮೇಲೂ ಸಿದ್ಧಾರ್ಥನಗರದ ನಮ್ಮ ಮನೆಯಲ್ಲೇ ಇದ್ದಾರೆ. ತಾತ ತಮ್ಮ ಕೀರ್ತನೆಗಳನ್ನು ಬಾಯಿಂದ ಬಾಯಿಗೆ ಹೇಳಿಕೊಟ್ಟದ್ದು ಇವರೊಬ್ಬರಿಗೇ. ಅತ್ತೆಯ ಆಸೆಯೂ ಒಂದೇ. ಕಣ್ಣು ಮುಚ್ಚುವುದರೊಳಗೆ ತಮ್ಮ ಅಪ್ಪನ ಹೆಸರು ಅಂಗಡಿಯಲ್ಲಿ ಸಿಗಬೇಕು. ಯಾರೋ ಗುರುತಿಲ್ಲದವರು ಬಂದು, ಆ ಹೆಸರು ಹೇಳಿ, ಕಾಸು ಕೊಟ್ಟು ಕೊಂಡುಹೋಗಬೇಕು.

ಇದಕ್ಕೆ ಅತ್ತೆ ಹೂಡಿದ ಉಪಾಯ ಸರಳವಾಗಿತ್ತು. ‘ಕೇಳೋರಿದ್ರೆ ತಾನೆ ಕಣೆ ಅಂಗಡಿಯೋನು ತರಿಸೋದು? ಪೇಟೆ ಕಡೆ ಹೋದಾಗಲೆಲ್ಲ ಒಂದು ಮಾತು ಕೇಳ್ಕೊಂಡು ಬನ್ನಿ’ ಅಂದರು. ಹಾಗಾಗಿ ಹೂವಿಗೆ ಹೋದವರು, ವೀಳ್ಯದೆಲೆಗೆ ಹೋದವರು, ಟೈಲರ್ ಹತ್ತಿರ ಹೋದವರು, ಎಲ್ಲರೂ ಆ ಅಂಗಡಿಯ ಮೆಟ್ಟಿಲು ಹತ್ತಿ, ಏನೂ ಸಂಬಂಧವಿಲ್ಲದವರ ಹಾಗೆ ತಾತನ ಹೆಸರು ಹೇಳಿ, ಅವರ ಕೀರ್ತನೆಗಳು ಇವೆಯೇ ಅಂತ ಕೇಳತೊಡಗಿದೆವು.

ಆ ಅಂಗಡಿಯ ಗೋಡೆ ನೋಡಿದರೆ ಸಂಗೀತ ಪ್ರಪಂಚದಲ್ಲಿ ಯಾರ ಸ್ಥಾನ ಎಲ್ಲಿ ಅಂತ ಗೊತ್ತಾಗುತ್ತಿತ್ತು. ಕಾವೇರಿಯ ಕೆಳಗಿನ ಸೀಮೆಯ ಸಂಗೀತ ತ್ರಿಮೂರ್ತಿಗಳಿಗೆ ದೊಡ್ಡ ಕಪಾಟು. ಆ ಮೂವರಲ್ಲೂ ಸಮಾನತೆಯೇನಿಲ್ಲ. ಮೊದಲನೆಯವರು ಎದೆಮಟ್ಟದಲ್ಲಿ ಉದ್ದಕ್ಕೂ ಹರಡಿಕೊಂಡಿದ್ದರು. ಎರಡನೆಯವರಿಗೆ ಕತ್ತು ಎತ್ತಬೇಕು, ಮೂರನೆಯವರಿಗೆ ಸ್ಟೂಲು ಕೇಳಬೇಕು. ದಾಸರ ಪದಗಳಿಗೆ ಟ್ಯೂಬ್‌ಲೈಟಿನ ಕೆಳಗೆ ಬೇರೆಯದೇ ಜಾಗ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಭಕ್ತಿಗೀತೆ. ಅಲ್ಲಿ ಯಾರು ಬರೆದರು, ಯಾರು ರಾಗ ಹಾಕಿದರು ಅನ್ನುವ ತಂಟೆಯೇ ಇಲ್ಲ, ದೇವರ ಪ್ರಕಾರ ಜೋಡಿಸಿದ್ದರು. ಮೈಸೂರಿನಲ್ಲಿ ಕೀರ್ತನೆ ಕಟ್ಟಿದ ವಾಗ್ಗೇಯಕಾರರು ಎಲ್ಲಿ ಅಂದರೆ, ನೆಲದ ಮಟ್ಟದಲ್ಲಿ, ಪೊರಕೆಯ ಪಕ್ಕ, ‘ಇತರೆ’ ಅಂತ ಚೀಟಿ ಅಂಟಿಸಿದ ಖಾನೆಯಲ್ಲಿ. ಮೈಸೂರಿನಲ್ಲಿ ನಿಂತು ಮೈಸೂರಿನವರ ಹಾಡು ಬೇಕೆಂದರೆ ಕುಕ್ಕರಗಾಲಲ್ಲಿ ಕೂರಬೇಕಾಗಿತ್ತು. ಕಾವೇರಿಯ ನೀರು ಇಲ್ಲಿಂದ ಕೆಳಗೆ ಹೋಗುತ್ತದೆ, ಕೀರ್ತನೆ ಕೆಳಗಿನಿಂದ ಇಲ್ಲಿಗೆ ಬರುತ್ತದೆ, ಯಾವ ನ್ಯಾಯಮಂಡಳಿಯೂ ಇದನ್ನು ವಿಚಾರಣೆಗೆ ತೆಗೆದುಕೊಂಡಿಲ್ಲ. ನಮ್ಮ ತಾತ ಆ ಇತರೆಯಲ್ಲೂ ಇರಲಿಲ್ಲ.

ಅಂಗಡಿಯವರು ಕುಂಬಾರಕೊಪ್ಪಲಿನವರು, ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಸದಾ ಅಡಿಕೆ. ನಾನು ಮೂರನೆಯದೋ ನಾಲ್ಕನೆಯದೋ ಸಲ ಹೋದಾಗ ನನ್ನ ಮುಖವನ್ನೇ ನೋಡಿ, ‘ನೀವು ಸಿದ್ಧಾರ್ಥನಗರದೋರಲ್ವಾ ಮೇಡಂ?’ ಅಂದರು.

‘ನಿಮಗೆ ಹೇಗೆ ಗೊತ್ತು?’

‘ಹೋದ ವಾರ ಒಬ್ರು ಯಜಮಾನ್ರು ಬಂದಿದ್ರು. ಅದರ ಹಿಂದ್ಲ ವಾರ ಒಬ್ರು ಅಮ್ಮೋರು. ಎಲ್ರದ್ದೂ ಒಂದೇ ಮೂಗು ಕಣ್ರೀ. ಈ ಹೆಸರ ನಿಮ್ಮನೆಯೋರ್ನ ಬುಟ್ರೆ ಇನ್ನೊಬ್ರು ಕೇಳಿಲ್ಲ. ಹೋಗ್ಲಿ, ಯಾರು ಹಾಡವ್ರೆ? ಯಾವ ಕಂಪನಿದು? ಅದನ್ನಾದ್ರೂ ಹೇಳಿ, ತರಿಸ್ತೀನಿ.’

ಯಾರೂ ಹಾಡಿರಲಿಲ್ಲ, ಯಾವ ಕಂಪನಿಯೂ ಧ್ವನಿಮುದ್ರಿಸಿರಲಿಲ್ಲ. ಇಲ್ಲದ ಮಾಲಿಗೆ ನಾವು ಗಿರಾಕಿಗಳಾಗಿದ್ದೆವು. ಅದು ಯಾಕೆ ಇಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ.

ನಾನು ಕಡಕೊಳದ ಕಾರ್ಖಾನೆಯೊಂದರಲ್ಲಿ ಮಾಲಿನ ಗುಣಮಟ್ಟ ಪರೀಕ್ಷೆ ಮಾಡುವವಳು. ಬೆಲ್ಟಿನ ಮೇಲೆ ಬರುವುದರಲ್ಲಿ ಆಗೊಂದು ಈಗೊಂದು ಎತ್ತಿ ಪಕ್ಕಕ್ಕಿಡುತ್ತೇನೆ. ನಾನು ಸಂಬಳಕ್ಕೆ ಮಾಡುವ ಈ ಕೆಲಸವನ್ನು ಅತ್ತೆ ಪುಕ್ಕಟೆಯಾಗಿ ಮಾಡುತ್ತಿದ್ದರು, ಮತ್ತು ಬಂದದ್ದನ್ನೆಲ್ಲ ಪಕ್ಕಕ್ಕಿಡುತ್ತಿದ್ದರು. ತಾತನ ಕೀರ್ತನೆ ಕಲಿಯಬೇಕು, ಹಾಡಬೇಕು ಅಂತ ಎಷ್ಟೋ ಜನ ನಮ್ಮ ಮನೆಗೆ ಬಂದರು. ಅತ್ತೆ ಅವರನ್ನು ಕೂರಿಸಿ, ಒಳ್ಳೆಯ ಕಾಫಿ ಕೊಟ್ಟು, ಹೇಳಿಕೊಟ್ಟು, ಹಾಡಿಸುತ್ತಿದ್ದರು. ಎರಡನೆಯ ಸಾಲಿಗೆ ಕೈ ಎತ್ತುತ್ತಿದ್ದರು. ‘ಪಾಠ ಹಾಗಲ್ಲ.’ ಮತ್ತೆ ಹಾಡಿದರೆ ಮತ್ತೆ, ‘ಹಾಗಲ್ಲ.’ ಲೋಟ ತೊಳೆಯುತ್ತಿದ್ದ ನನ್ನಮ್ಮ ಒಳಗಿನಿಂದಲೇ, ‘ಇವರೂ ಹೋದರು ಬಿಡು’ ಅನ್ನುತ್ತಿದ್ದಳು.

ಒಬ್ಬಾಕೆ ಮಾತ್ರ ಹೋಗಲಿಲ್ಲ. ಸಣ್ಣ ವಯಸ್ಸಿನ ಗಾಯಕಿ, ಒಂದಿಡೀ ಬೇಸಿಗೆ ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಬಂದಳು. ಕಲಿಯುತ್ತಿದ್ದದ್ದು ನಂಜನಗೂಡಿನ ಶಿವನ ಮೇಲೆ ತಾತ ಆನಂದಭೈರವಿಯಲ್ಲಿ ಕಟ್ಟಿದ ಕೀರ್ತನೆ. ಅದು ತುಂಬ ನಿಧಾನವಾಗಿ ಸಾಗುವ ಹಾಡು. ಆ ಹುಡುಗಿ ಸ್ವಲ್ಪ ಚುರುಕಾಗಿ ಎತ್ತಿಕೊಂಡರೆ ಜನ ಕೇಳುತ್ತಾರೆ ಅಂದಳು. ಅತ್ತೆಯ ಮುಖ ಕೆಂಪಾಯಿತು.

‘ಹೀಗೇ ಓಡಿಸೋದಾದ್ರೆ ಓಡಿಸ್ಕೋ ಕಣಮ್ಮ. ನಾನು ತಡಿಯೋಕಾಗಲ್ಲ. ನಮ್ಮಪ್ಪನ ಹೆಸರು ಮಾತ್ರ ಎತ್ತಬೇಡ. ನಾನು ಸರಿ ಅನ್ನೋವರೆಗೂ ಎಲ್ಲೂ ಎತ್ತಬೇಡ.’

ಹುಡುಗಿ ನಮಸ್ಕಾರ ಮಾಡಿ ಹೋದವಳು ಮತ್ತೆ ಬರಲಿಲ್ಲ. ಅತ್ತೆಗೆ ಆ ವಾರವೆಲ್ಲ ಅನ್ನ ಸೇರಲಿಲ್ಲ, ಅದನ್ನು ಹೊಟ್ಟೆಯುಬ್ಬರ ಅಂತ ಹೇಳಿಕೊಂಡರು. ಮನೆಯಲ್ಲಿ ಅಂದಿನಿಂದ ಅದೇ ಕಾನೂನು ನಿಂತಿತು, ಪಾಸಾಗದೆ ಹೆಸರಿಲ್ಲ. ನಾನು ಬರೆದಿರುವ ಇದೂ ಅತ್ತೆಯ ಕೈಯಲ್ಲಿ ಇನ್ನೂ ಪಾಸಾಗಿಲ್ಲ, ಅದಕ್ಕೇ ಇಲ್ಲಿಯೂ ತಾತನ ಹೆಸರಿಲ್ಲ.

ವರ್ಷಗಳು ಕಳೆದವು. ಅಂಗಡಿಗೆ ಹೋಗಿ ಕೇಳುವುದು ನಮಗೆ ಒಂದು ಕುಲಾಚಾರದಂತೆ ಆಯಿತು. ಮನೆಗೆ ಬಂದ ಸೊಸೆಯರಿಗೂ ಆ ಅಂಗಡಿ ತೋರಿಸಿದ್ದಾಯಿತು. ಅತ್ತೆಗೆ ಎಂಬತ್ತು ದಾಟಿತು, ಆಸ್ಪತ್ರೆ ಸೇರಿ ಬಂದ ಮೇಲೆ ಉಸಿರು ಸಾಲದೆ ಹಾಡು ನಿಂತಿತು. ಕೈ ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ. ಅದನ್ನು ನೋಡುವಾಗ ನನಗೆ ಸಿಟ್ಟು ಬರುತ್ತಿತ್ತು. ಆ ಹಾಡುಗಳೆಲ್ಲ ಇವರೊಂದಿಗೇ ಹೋಗಿಬಿಡುತ್ತವಲ್ಲ ಅನ್ನಿಸುತ್ತಿತ್ತು.

ಅಂಗಡಿಯವರು ಸಿ.ಡಿ. ಮಾರುವುದನ್ನು ಬಿಟ್ಟ ದಿನ ನಾನು ಅಲ್ಲಿಗೆ ಹೋಗಿದ್ದು ಫೋನಿನ ಚಾರ್ಜರಿಗೆ. ಉಳಿದ ಸಿ.ಡಿ.ಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ಸುರಿದು ಬಾಗಿಲಲ್ಲಿಟ್ಟಿದ್ದರು. ತ್ರಿಮೂರ್ತಿಗಳು, ದಾಸರು, ಇತರೆಯವರು ಎಲ್ಲ ಕೊನೆಗೂ ಒಂದೇ ಪೆಟ್ಟಿಗೆಯಲ್ಲಿದ್ದರು.

‘ನಿಮ್ಮ ಕಾರಲ್ಲಿ ಸಿ.ಡಿ. ಹಾಕೋ ಜಾಗ ಇದ್ರೆ ತಗೊಂಡೋಗಿ ಮೇಡಂ. ಇದು ನಂಜುಂಡೇಶ್ವರಂದು, ಸೋಮವಾರ ಬಂತು ಅಂದ್ರೆ ಬಿಸಿ ದೋಸೆ ಥರ ಹೋಗ್ತಿತ್ತು’ ಅಂತ ಒಂದನ್ನು ಕೈಗಿಟ್ಟರು. ನನ್ನದು ಹಳೆಯ ಕಾರು, ಆ ಜಾಗ ಇತ್ತು.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ನಂಜನಗೂಡಿನ ರಸ್ತೆಯಲ್ಲಿ ಅದನ್ನು ಹಾಕಿದೆ. ಗಂಟೆ, ಶಂಖ, ಗದ್ದಲದ ಎರಡು ಹಾಡು ಮುಗಿದು ಮೂರನೆಯದು ಶುರುವಾಯಿತು. ನಾನು ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದುಕೊಂಡೆ. ಹಿಂದಿನ ಲಾರಿಯವನು ನನ್ನ ವಂಶವನ್ನೆಲ್ಲ ಬೈದುಕೊಂಡು ಹೋದ. ಅಡುಗೆಮನೆಯ ಗೋಡೆಯಾಚೆಯ ಅದೇ ಆನಂದಭೈರವಿ, ಅದೇ ನಿಧಾನ. ಕವರಿನ ಮೇಲೆ ನೋಡಿದರೆ ಗಾಯಕಿಯ ಹೆಸರಿತ್ತು, ನಮ್ಮ ಸೈಕಲ್ಲಿನ ಹುಡುಗಿ. ಹಿಂಬದಿಯಲ್ಲಿ ಪ್ರತಿ ಹಾಡಿನ ಎದುರು ರಚಿಸಿದವರ ಹೆಸರಿತ್ತು. ಮೂರನೆಯ ಹಾಡಿನ ಎದುರು ‘ಸಾಂಪ್ರದಾಯಿಕ’ ಅಂತ ಇತ್ತು. ತಾತ ತಮ್ಮ ಅಂಕಿತವಾಗಿ ದೇವರ ಹೆಸರನ್ನೇ ಇಟ್ಟುಕೊಂಡಿದ್ದರಿಂದ ಹಾಡಿನೊಳಗೂ ಅವರ ಸುಳಿವಿರಲಿಲ್ಲ.

ಅಂದರೆ ಇಷ್ಟು ವರ್ಷವೂ ತಾತ ಅದೇ ಅಂಗಡಿಯಲ್ಲಿದ್ದರು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ನಾವು ಮೊಣಕೈ ಊರಿ ನಿಂತು ‘ಅವರದು ಇದೆಯಾ’ ಅಂತ ಕೇಳುತ್ತಿದ್ದ ಜಾಗದಲ್ಲೇ ಇದ್ದರು. ಗುರುತಿಲ್ಲದವರು ಬಂದು ಕಾಸು ಕೊಟ್ಟು ಕೊಂಡುಹೋಗುತ್ತಲೂ ಇದ್ದರು. ಅತ್ತೆ ಬಯಸಿದ್ದೆಲ್ಲ ಆಗಿತ್ತು, ಹೆಸರೊಂದನ್ನು ಬಿಟ್ಟು. ಹೆಸರನ್ನು ಬಿಡಿಸಿದವರು ಅತ್ತೆಯೇ.

ಸಂಜೆ ಅತ್ತೆಗೆ ಹೇಳಿದೆ. ಮನೆಯಲ್ಲಿ ಸಿ.ಡಿ. ಹಾಕುವ ಯಂತ್ರ ಕೆಟ್ಟು ಯಾವುದೋ ಕಾಲವಾಗಿತ್ತು, ಹಾಗಾಗಿ ಕೈಹಿಡಿದು ಕಾರಿಗೇ ಕರೆದುಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂರಿಸಿದೆ. ಗೇಟಿನ ಎದುರೇ ನಿಂತ ಕಾರು. ಎದುರುಮನೆಯವರು, ‘ಎಲ್ಲಿಗೆ ಹೊರಟ್ರಿ?’ ಅಂದರು. ‘ಎಲ್ಲಿಗೂ ಇಲ್ಲ, ಹಾಡು ಕೇಳೋಕೆ’ ಅಂದೆ. ಅವರು ನಮ್ಮನ್ನು ಒಂದು ಥರ ನೋಡಿ ಒಳಗೆ ಹೋದರು.

ಹಾಡು ಶುರುವಾಯಿತು. ನಾನು ಎರಡನೆಯ ಸಾಲಿಗೆ ಕಾದೆ. ಅತ್ತೆಯ ಕೈ ಮೇಲೇಳಲಿಲ್ಲ. ಅನುಪಲ್ಲವಿ ಬಂತು, ಚರಣ ಬಂತು. ಕೊನೆಗೆ ಅತ್ತೆ, ‘ಇನ್ನೊಂದ್ಸಲ ಹಾಕು’ ಅಂದರು. ಮತ್ತೆ ಹಾಕಿದೆ.

‘ನಾನು ಹೇಳಿಕೊಟ್ಟ ಹಾಗೇ ಇದೆ ಕಣೆ. ಒಂದು ಎಳೆ ಆಚೀಚೆ ಇಲ್ಲ’ ಅಂದರು. ‘ಓಡಿಸಬೇಡ, ಹೆಸರು ಎತ್ತಬೇಡ ಅಂತ ಎರಡು ಮಾತು ಹೇಳಿದ್ದೆ. ಎರಡನ್ನೂ ಕೇಳ್ಬಿಟ್ಟಿದಾಳೆ, ಮುಂಡೇದು.’

ಬೈದದ್ದು ಆ ಹುಡುಗಿಯನ್ನೋ ತಮ್ಮನ್ನೋ ಅಂತ ನಾನು ಕೇಳಲಿಲ್ಲ. ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಅವಳ ನಂಬರು ಹುಡುಕು ಅಂದರು.

ಅಂಗಡಿಯವರಿಗೆ ಫೋನು ಮಾಡಿದರೆ ನಂಬರು ಸಿಕ್ಕಿತು. ಗಾಯಕಿ ಅವರ ಬೀದಿಯಲ್ಲೇ, ಕುಂಬಾರಕೊಪ್ಪಲಿನಲ್ಲೇ, ಮಕ್ಕಳಿಗೆ ಪಾಠ ಹೇಳಿಕೊಂಡಿದ್ದರು. ‘ನೀವು ಆಯಮ್ಮನ ಹಾಡು ಬೇಕು ಅಂತ ಒಂದಿನಾನೂ ಕೇಳ್ಲಿಲ್ಲವಲ್ಲ’ ಅಂದರು ಅಂಗಡಿಯವರು. ನಾನು ನಂಬರು ಬರೆದುಕೊಂಡೆ.

ಕಾರಿನಲ್ಲೇ ಕೂತು ಫೋನು ಹಚ್ಚಿ, ಸ್ಪೀಕರ್ ಹಾಕಿ, ಅತ್ತೆಯ ಮುಂದೆ ಹಿಡಿದೆ. ಆ ಕಡೆ ಮಕ್ಕಳು ಸರಿಗಮದ ಸರಳೆ ಹೇಳುವ ಸದ್ದು. ಅತ್ತೆ ತಾವು ಯಾರೆಂದು ಹೇಳಿದ ಕೂಡಲೆ ಆ ಸದ್ದು ನಿಂತಿತು. ಮಕ್ಕಳನ್ನು ಸುಮ್ಮನಿರಿಸಿರಬೇಕು.

‘ಅಮ್ಮಾ, ನೀವಾ?’

‘ನಾನೇ. ಕೇಳಿದೆ ಕಣಮ್ಮ. ಸರಿಯಾಗಿದೆ.’

‘ನೀವು ಬೇಡ ಅಂದ ಮೇಲೆ ಎಲ್ಲೂ ಹೆಸರು ಎತ್ತಿಲ್ಲ ಅಮ್ಮ. ಕಚೇರಿಲಿ ಕೇಳಿದ್ರೂ ಹೇಳಿಲ್ಲ, ನನ್ನ ಮಕ್ಕಳಿಗೂ ಹೇಳಿಲ್ಲ.’

‘ಈಗ ಎತ್ತಬಹುದು. ಎಲ್ಲಾ ಕಡೆ ಎತ್ತು.’

ಆ ಕಡೆ ಪುಸ್ತಕದ ಹಾಳೆ ತಿರುವುವ ಸದ್ದು ಕೇಳಿಸಿತು. ‘ಅಮ್ಮಾ, ತಪ್ಪು ತಿಳ್ಕೋಬೇಡಿ. ಇಷ್ಟು ವರ್ಷ ಬಾಯಲ್ಲೇ ಬಂದಿಲ್ಲ ನೋಡಿ, ನಂಗೆ... ನಿಮ್ಮ ತಂದೆಯವರ ಹೆಸರು ಏನು?’

ನಾನು ಫೋನು ಹಿಡಿದ ಕೈಯನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡೆ. ಈಗ ಸಿಡಿಯುತ್ತಾರೆ ಅಂತಲೇ ಇದ್ದೆ. ಅತ್ತೆ ನೆಟ್ಟಗೆ ಕೂತು, ಊರಿನ ಹೆಸರು ಮೊದಲು, ಮುತ್ತಾತನ ಹೆಸರು ಆಮೇಲೆ, ಕೊನೆಗೆ ತಮ್ಮ ಅಪ್ಪನ ಹೆಸರು ಹೇಳಿದರು. ಒಂದೊಂದನ್ನೂ ಬಿಡಿಸಿ ಹೇಳಿದರು. ಆ ಹೆಸರನ್ನು ಕೇಳಿಕೊಂಡು ನಮ್ಮ ಮನೆಯವರೆಲ್ಲ ಊರು ಸುತ್ತಿದ್ದೆವು, ಅತ್ತೆಯನ್ನು ಆ ಹೆಸರು ಕೇಳಿದವರು ಈಕೆಯೇ ಮೊದಲು.

‘ಬರ್ಕೊಂಡ್ಯಾ?’

‘ಬರ್ಕೊಂಡೆ ಅಮ್ಮ.’

‘ಓದು, ಕೇಳೋಣ.’

ಆಕೆ ಓದಿದರು. ಅತ್ತೆ ಕಣ್ಣು ಮುಚ್ಚಿಕೊಂಡು, ‘ಇನ್ನೊಂದ್ಸಲ’ ಅಂದರು. ಆಕೆ ಮತ್ತೆ ಓದಿದರು. ಮೂರನೆಯ ಸಲ ಕೇಳಲು ಅತ್ತೆ ಬಾಯಿ ತೆರೆದರು, ದನಿ ಹೊರಡಲಿಲ್ಲ. ನಾನೇ ಫೋನಿಗೆ ಬಗ್ಗಿ, ‘ಇನ್ನೊಂದ್ಸಲ ಓದಿ’ ಅಂದೆ.