ಮಾವನ ಕಳೆಯ ಹೆಜ್ಜಾರ್ಲೆ

ಊರಿನ ಅರ್ಧದಷ್ಟು ಅಂಗಡಿಗಳ ಬೋರ್ಡು ಬರೆದದ್ದು ಪೇಂಟರ್ ಒಬ್ಬನೇ. ಹದಿನಾರನೇ ವಯಸ್ಸಿಗೆ ದೊಡ್ಡಪ್ಪನ ಹಿಂದೆ ಏಣಿ ಹೊತ್ತು ಶುರು ಮಾಡಿದವನು, ಐವತ್ತು ದಾಟಿದ ಮೇಲೂ ಅಕ್ಷರ ಬರೆಯಲು ಅಳತೆಪಟ್ಟಿ ಮುಟ್ಟುತ್ತಿರಲಿಲ್ಲ. ಚಿತ್ರ ಮಾತ್ರ ಅವನಿಗೆ ಒಲಿದಿರಲಿಲ್ಲ. ಹಾಲಿನ ಅಂಗಡಿಗೆ ಅವನು ಬರೆದ ಹಸುವನ್ನು ನೋಡಿ, ಇಲ್ಲಿ ಕುದುರೆ ಸಿಗುತ್ತದೆಯೇ ಎಂದು ಯಾರೋ ಕೇಳಿದ್ದುಂಟು.

ಹೀಗಿರುವಾಗ ಕಡಲಂಚಿನ ಜೌಗುನೆಲವನ್ನು ನೋಡಿಕೊಳ್ಳುವ ಕಚೇರಿಯ ಮೇಡಂ ಅವನ ಅಂಗಡಿಗೆ ಬಂದರು. ಚಳಿಗಾಲಕ್ಕೆ ಹೆಜ್ಜಾರ್ಲೆಗಳು ಹಿಂಡುಹಿಂಡಾಗಿ ಬಂದಿಳಿಯುವ ಮುಂಚೆ ಗೇಟಿನ ಬಳಿ ಆಳೆತ್ತರದ ಹಕ್ಕಿಯ ಬೋರ್ಡು ನಿಲ್ಲಬೇಕು ಎಂದರು. ಪ್ರಿಂಟ್ ಹಾಕಿಸಿದ ಬೋರ್ಡು ಉಪ್ಪುಗಾಳಿಗೆ ಎರಡೇ ತಿಂಗಳಲ್ಲಿ ಹರಿದುಹೋಗಿತ್ತಂತೆ. ನೋಡಿ ಬರೆಯಲು ಅವರು ಕೊಟ್ಟದ್ದು ಬೆಂಕಿಪೊಟ್ಟಣದಷ್ಟು ಫೋಟೋ. ಆಕಾಶದಲ್ಲಿ ಹಾರುವ ಹೆಜ್ಜಾರ್ಲೆಯನ್ನು ಚಿಕ್ಕಂದಿನಿಂದ ಕಂಡವನು ಅದರ ಮುಖ ನೋಡಿರಲಿಲ್ಲ. ಆಗುವುದಿಲ್ಲ ಎನ್ನಲು ನಾಲಿಗೆ ಏಳದೆ ಒಪ್ಪಿಕೊಂಡ.

ರೆಕ್ಕೆ, ಬಾಲ, ಕಾಲು ಹೇಗೋ ಬಂದವು. ಕೊಕ್ಕಿನ ಕೆಳಗೆ ಜೋತುಬೀಳುವ ಚೀಲ ಮಾತ್ರ ಬರಲೊಲ್ಲದು. ಮೂರು ದಿನ ಅಳಿಸಿ ಬರೆದು ಸಾಕಾಗಿ, ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದ. ಬಾಗಿಲ ಬಳಿಯ ಆರಾಮಕುರ್ಚಿಯಲ್ಲಿ ಮಾವ ಗೊರಕೆ ಹೊಡೆಯುತ್ತಿದ್ದರು. ನಲವತ್ತು ವರ್ಷ ದೋಣಿಕಟ್ಟೆಯಲ್ಲಿ ಟಿಕೆಟ್ ಹರಿದುಕೊಟ್ಟ ಜೀವ. ಗದ್ದದ ಕೆಳಗಿನ ಚರ್ಮ ಉಸಿರಿಗೊಮ್ಮೆ ಉಬ್ಬಿ ಇಳಿಯುತ್ತಿತ್ತು. ಪೇಂಟರ್ ಹಸಿವು ಮರೆತು ಪೆನ್ಸಿಲ್ ತೆಗೆದ.

ತೆಗೆದುಕೊಂಡದ್ದು ಗದ್ದ ಮಾತ್ರ ಎಂದೇ ಅವನು ನಂಬಿದ್ದ. ಆದರೆ ಬೋರ್ಡು ನಿಂತ ದಿನವೇ ಕ್ಷೌರದಂಗಡಿಯಲ್ಲಿ ಸುದ್ದಿ ಹರಡಿತು: ಪೇಂಟರನ ಮಾವನಿಗೆ ರೆಕ್ಕೆ ಬಂದಿದೆ.

ಹೆಂಡತಿಯೂ ಹೋಗಿ ನೋಡಿಬಂದಳು. ದಾರಿಯುದ್ದಕ್ಕೂ ನಕ್ಕಿದ್ದನ್ನು ಅವಳ ಕಣ್ಣೇ ಹೇಳುತ್ತಿತ್ತು. ಗಂಡನೆದುರು ಮಾತ್ರ ಮುಖ ಗಂಟಿಕ್ಕಿ ನಿಂತಳು.

"ರೀ, ಅಪ್ಪನ ಕಿವಿಗೆ ಬೀಳೋ ಮೊದ್ಲು ಅದನ್ನ ಅಳಿಸಿ ಬನ್ನಿ. ಇಲ್ಲಾಂದ್ರೆ ಈ ಮನೇಲಿ ಅವರಾದ್ರೂ ಇರಬೇಕು, ನೀವಾದ್ರೂ ಇರಬೇಕು."

ಮಾರನೇ ಬೆಳಗ್ಗೆ ಬಣ್ಣದ ಡಬ್ಬ ಹಿಡಿದು ಹೋದರೆ, ಮಾವ ಆಗಲೇ ಊರುಗೋಲಿನ ಮೇಲೆ ಭಾರ ಬಿಟ್ಟು ಬೋರ್ಡನ್ನು ದಿಟ್ಟಿಸುತ್ತ ನಿಂತಿದ್ದರು. ಪೇಂಟರ್ ಡಬ್ಬವನ್ನು ಬೆನ್ನ ಹಿಂದೆ ಸರಿಸಿದ.

"ಕಣ್ಣು ದೊಡ್ಡದಾಯ್ತು ಅಳಿಯಂದ್ರೇ," ಎಂದರು ಮಾವ, ತಿರುಗದೆ. "ನಂದು ಇಷ್ಟಿಲ್ಲ."

ಅಳಿಸಲು ಬಂದವನು ತಿದ್ದಲು ಕೂತ. ಮಾವ ಎದುರಿನ ಕಲ್ಲಿನ ಮೇಲೆ ಎರಡು ಗಂಟೆ ಅಲುಗಾಡದೆ ಮುಖ ಕೊಟ್ಟರು. ನಡುವೆ ಒಮ್ಮೆ, ದೋಣಿಕಟ್ಟೆಯಲ್ಲಿ ಅಷ್ಟು ವರ್ಷ ಕೂತರೂ ಜನ ಟಿಕೆಟ್ ನೋಡಿದರೇ ಹೊರತು ತಮ್ಮ ಮುಖ ನೋಡಲಿಲ್ಲ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಮಾವನೊಂದಿಗೆ ಒಂದೇ ಸೂರಿನಡಿ ಹದಿನೆಂಟು ವರ್ಷ ಉಂಡಿದ್ದ ಪೇಂಟರ್ ಆ ಮುಖವನ್ನು ಇನ್ನೊಮ್ಮೆ ಸರಿಯಾಗಿ ನೋಡಿದ.

ಚಳಿಗಾಲಕ್ಕೆ ಹೆಜ್ಜಾರ್ಲೆಗಳು ಬಂದವು. ಮೇಡಂ ಕೊಟ್ಟ ದುರ್ಬೀನಿನಲ್ಲಿ ಪೇಂಟರ್ ಕಣ್ಣಿಟ್ಟು ನೋಡಿದ. ಕೊಕ್ಕು ಅವನು ಬರೆದದ್ದಕ್ಕಿಂತ ಒಂದೂವರೆ ಪಟ್ಟು ಉದ್ದವಿತ್ತು! ತಿದ್ದಲೇಬೇಕೆಂದು ಜೊತೆಗೆ ಬಂದಿದ್ದ ಮಾವನಿಗೆ ತಿಳಿಸಿದ. ಮಾವ ದುರ್ಬೀನು ಇಸಿದುಕೊಂಡು, ನೀರಿನ ಮೇಲಿದ್ದ ಹಕ್ಕಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಆಮೇಲೆ ಬೋರ್ಡಿನ ಕಡೆ ನೋಡಿದರು.

"ಬೋರ್ಡು ಸರಿಯಾಗೇ ಇದೆ. ಇವುಗಳದ್ದೇ ಸ್ವಲ್ಪ ಉದ್ದ ಆಗಿದೆ."

ಮೇಡಂ ನಗು ತಡೆದುಕೊಂಡು ಬೇರೆ ಕಡೆ ತಿರುಗಿದರು. ಬೋರ್ಡು ಹಾಗೇ ಉಳಿಯಿತು. ಹೆಜ್ಜಾರ್ಲೆ ಎಂದರೆ ಹೇಗಿರಬೇಕೆಂದು ಬಂದವರಿಗೆಲ್ಲ ಮಾವ ಈಗ ಅದರ ಪಕ್ಕದಲ್ಲೇ ನಿಂತು ವಿವರಿಸುತ್ತಾರೆ.