ಓಲೆಯ ತಿರುಪು

ಯಾವ ಡಬ್ಬಿ ಕೈಗೆ ಸಿಕ್ಕರೂ ನಮ್ಮ ಸಾಹೇಬರು ಅದನ್ನು ಬಲಗಿವಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ಬೆಂಕಿಪೊಟ್ಟಣ, ಮಾತ್ರೆ ಡಬ್ಬಿ, ಕೊನೆಗೆ ನನ್ನ ಊಟದ ಕ್ಯಾರಿಯರ್ರನ್ನೂ ಬಿಟ್ಟವರಲ್ಲ. ಆಗ ಕಣ್ಣು ಮುಚ್ಚಿರುತ್ತಿತ್ತು, ಬಿಳಿ ಮೀಸೆ ಬಿಗಿದಿರುತ್ತಿತ್ತು. ನಾವು ಹುಡುಗಿಯರು ಹಿಂದೆ ನಿಂತು ನಗುತ್ತಿದ್ದೆವು. ಎಂಥ ಪೆದ್ದಿಯರು ನಾವು!

ಸಾಹೇಬರು ಚಿಕ್ಕರಸಿನಕೆರೆ ಕಡೆಯವರು. ಸೈನ್ಯದಲ್ಲಿ ಕರ್ನಲ್ ದರ್ಜೆಯವರೆಗೆ ಏರಿ, ಅರ್ಧ ಆಯಸ್ಸು ಉಪಗ್ರಹದ ಕೆಲಸದಲ್ಲೇ ಕಳೆದವರು. ನಿವೃತ್ತಿಯಾದ ಮೇಲೆ ಕೊಪ್ಪದ ರಸ್ತೆಯ ಹಳೇ ಅಕ್ಕಿ ಗಿರಣಿಯೊಳಗೆ ಧೂಳು ನುಸುಳದ ಕೋಣೆ ಕಟ್ಟಿಸಿ, ಡಿಪ್ಲೊಮಾ ಓದಿದ ನಮ್ಮಂಥ ಆರು ಜನರನ್ನು ಕೂರಿಸಿಕೊಂಡು ಪುಟ್ಟ ಉಪಗ್ರಹ ಮಾಡಿಸುತ್ತಿದ್ದರು. ಒಳಗೆ ಬಳೆ, ಓಲೆ, ಸರ ಏನೂ ಕೂಡದು. ಮೇಲೆ ಹೋದಮೇಲೆ ಯಾವುದಕ್ಕೂ ತೂಕವಿಲ್ಲ. ಒಳಗುಳಿದ ಲೋಹದ ಚೂರು ತೇಲಿಹೋಗಿ ತಂತಿಗೆ ತಾಗಿದರೆ ಎಲ್ಲ ಸುಟ್ಟಂತೆಯೇ. ದಿನಾ ಸಂಜೆ ಬಾಗಿಲಲ್ಲಿ ನಿಂತು, ಏನಾದರೂ ಕಳೆದುಕೊಂಡಿದ್ದೀರಾ ಎಂದು ಒಬ್ಬೊಬ್ಬರನ್ನೂ ಕೇಳುವರು.

ನನಗಾಗ ಮದುವೆಯಾಗಿ ತಿಂಗಳಾಗಿತ್ತು. ಬೋಳು ಕಿವಿಯಲ್ಲಿ ಹೊಸಿಲು ದಾಟಬೇಡವೆಂದು ಅವ್ವ ಆಣೆ ಮಾಡಿಸಿಕೊಂಡಿದ್ದಳು. ಕೋಣೆಯೊಳಗೆ ಹಾಕುವ ಕಿವಿ ಮುಚ್ಚುವ ಟೋಪಿಯೊಳಗಿನ ಓಲೆ ಯಾರಿಗೆ ಕಾಣುತ್ತದೆ ಎಂದು ಹಾಕಿಕೊಂಡೇ ಹೋಗುತ್ತಿದ್ದೆ. ಉಪಗ್ರಹದ ಮುಚ್ಚಳ ಬಿಗಿದ ದಿನ ಸಾಹೇಬರು ಅದಕ್ಕೂ ಕಿವಿ ಕೊಟ್ಟು ನೋಡಿದರು. ಸದ್ದಿರಲಿಲ್ಲ. ಸಂಜೆ ಕೇಳಿದಾಗ ಇಲ್ಲ ಸಾ ಅಂದೆ. ಹೊರಗೆ ಬಂದು ಟೋಪಿ ತೆಗೆದರೆ ಎಡಗಿವಿಯ ಓಲೆಗೆ ತಿರುಪೇ ಇಲ್ಲ.

ಟೋಪಿ, ಅಂಗಿ, ಚಪ್ಪಲಿ ಎಲ್ಲ ಕೊಡವಿದೆ. ಮರುದಿನ ಬೆಳಿಗ್ಗೆ ಉಪಗ್ರಹದ ಪೆಟ್ಟಿಗೆ ಉಡಾವಣೆಗೆ ಹೊರಡುವುದಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಹೇಳಿದರೆ ಕೆಲಸ ಹೋಗುತ್ತದೆ, ಆರು ಜನರ ಎರಡು ವರ್ಷದ ದುಡಿಮೆ ನನ್ನಿಂದ ನಿಂತುಹೋಗುತ್ತದೆ. ಮದ್ದೂರು ಬಸ್ಸು ಬಂತು, ಹತ್ತಲಿಲ್ಲ. ವಾಪಸ್ಸು ಹೋಗಿ ಹೇಳಿಬಿಟ್ಟೆ.

ಬೈಯುತ್ತಾರೆಂದು ಕಾದೆ. ಸಾಹೇಬರ ಮುಖ ನನ್ನದಕ್ಕಿಂತ ಬಿಳಿಚಿಕೊಂಡಿತ್ತು. ಕುರ್ಚಿ ಹಿಡಿದುಕೊಂಡು ಕೂತರು.

"ನಿನ್ ವಯಸ್ನಲ್ಲಿ ನಾನೂ ಒಂದು ಉಪಗ್ರಹದೊಳ್ಗೆ ನಟ್ಟು ಕಳ್ಕಂಡಿದ್ದೆ ಕಣಮ್ಮ. ಎದ್ರುಕಂಡು ಬಾಯ್ ಬುಡ್ನಿಲ್ಲ. ಮೇಲಕ್ಕೋದ ಮೂರ್ನೇ ದಿನಕ್ಕೆ ಆ ಉಪಗ್ರಹ ಮಾತು ನಿಲ್ಲುಸ್ಬುಡ್ತು, ಸಿಗ್ನಲ್ಲೇ ಇಲ್ಲ. ನನ್ ನಟ್ಟಿಂದ್ಲೋ ಇನ್ಯಾತ್ರಿಂದ್ಲೋ, ಇವತ್ಗೂ ಗೊತ್ತಿಲ್ಲ."

ಬೆಳಿಗ್ಗೆ ಬಂದ ವಾಹನವನ್ನು ಹಿಂದಕ್ಕೆ ಕಳಿಸಿದರು. ಉಪಗ್ರಹ ಬಿಚ್ಚಿದೆವು. ಎರಡನೇ ದಿನ ಮಧ್ಯಾಹ್ನ ತಂತಿಗಳ ಕಟ್ಟಿನ ಸಂದಿಯಲ್ಲಿ ತಿರುಪು ಸಿಕ್ಕಿತು, ಸಾಸಿವೆಯಷ್ಟು ಚಿನ್ನ. ಚಿಮ್ಮಟದಲ್ಲಿ ಎತ್ತಿ ನನ್ನ ಅಂಗೈಗೆ ಹಾಕಿದರು. ನಾನು ಅತ್ತೇಬಿಟ್ಟೆ. ಮತ್ತೆ ಮುಚ್ಚಳ ಬಿಗಿಯಲು ನನ್ನನ್ನೇ ಕೂರಿಸಿದರು.

ಆ ಉಪಗ್ರಹ ಇವತ್ತಿಗೂ ಮಾತಾಡುತ್ತಿದೆ. ಸಾಹೇಬರು ಹೋದ ವರ್ಷ ಮಂಡ್ಯದ ಆಸ್ಪತ್ರೆಯಲ್ಲಿ ತೀರಿಕೊಂಡರು. ಕೊನೆಯ ಸಲ ನೋಡಲು ಹೋದಾಗ ಮಾತ್ರೆ ಡಬ್ಬಿಯನ್ನು ಕಿವಿಗೆ ಹಿಡಿದಿದ್ದರು. ಒಳಗೇನೋ ಇದೆ ಅಂದರು. ಬಿಚ್ಚಿ ತೋರಿಸಿದೆ, ಖಾಲಿ.

"ಇನ್ನೊಂದ್ಸಲ ನೋಡು ಮಗ," ಅಂದರು. ದನಿಯಲ್ಲಿ ಅದೇ ಹೆದರಿಕೆ.

ಅವರ ನಟ್ಟು ಅವರಿಗೆ ಕೊನೆಗೂ ಸಿಗಲಿಲ್ಲ. ನನ್ನ ತಿರುಪು ನನಗೆ ಸಿಕ್ಕಿತು. ನಾನು ಮಲಗಿದರೆ ನಿದ್ದೆ ಬರುತ್ತದೆ. ಅದು ಅವರು ಕೊಟ್ಟಿದ್ದು.